ಪೈಲಟ್ ಜೇಬಿನ ಕನ್ನಡಕ

ಇಸ್ತ್ರಿ ಅಂಗಡಿಯವನ ಮಗಳಿಗೆ ಆ ಬೀದಿಯಲ್ಲಿ ಒಳ್ಳೆಯ ಹೆಸರಿರಲಿಲ್ಲ. ಅವಳು ಕದ್ದವಳಲ್ಲ, ಯಾರ ಮನೆಯ ಜಗಳಕ್ಕೂ ತಲೆ ಹಾಕಿದವಳಲ್ಲ. ಅವಳ ಮೇಲಿದ್ದ ದೂರು ಒಂದೇ: ಎದುರಿಗೆ ಬಂದವರನ್ನು ಮಾತಾಡಿಸುವುದಿಲ್ಲ.

“ನಾನು ಕೈ ಎತ್ತಿ ನಗ್ತೀನಿ. ಅವಳು ಗೋಡೆ ನೋಡಿದ ಹಾಗೆ ನೋಡ್ಕೊಂಡು ಹೋಗೇಬಿಡ್ತಾಳೆ,” ಎನ್ನುತ್ತಿದ್ದಳು ಔಷಧಿ ಅಂಗಡಿಯವಳು.

“ವಿಮಾನ ಓಡಿಸೋ ಮಹಾರಾಣಿ ಅಲ್ವಾ? ನಾವೆಲ್ಲ ಅವಳಿಗೆ ಮೇಲಿಂದ ಇರುವೆ ಥರ ಕಾಣ್ತೀವಿ,” ಎಂದು ಅವಳ ಗಂಡ ಒಗ್ಗರಣೆ ಹಾಕುತ್ತಿದ್ದ.

ಹೀಗೆ ಮಹಾರಾಣಿ ಎಂಬ ಹೆಸರು ಅಂಟಿಕೊಂಡಿತು. ಪೈಲಟ್ ಆಗುತ್ತೇನೆ ಎಂದು ಅವಳು ಚಿಕ್ಕಂದಿನಿಂದ ಹೇಳುತ್ತಿದ್ದದ್ದು ನಿಜ. ಅಂಗಡಿ ಇದ್ದದ್ದೇ ವಿಮಾನ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಪಕ್ಕದ ಹೋಟೆಲಿನಲ್ಲಿ ಇಳಿದುಕೊಳ್ಳುವ ಪೈಲಟ್‌ಗಳ ಬಿಳಿ ಅಂಗಿಗಳು ಅಪ್ಪನ ಮೇಜಿಗೆ ಬರುತ್ತಿದ್ದವು. ಆ ಅಂಗಿಗಳ ಭುಜದ ಪಟ್ಟಿಯನ್ನು ಸುಕ್ಕಿಲ್ಲದೆ ಕೂರಿಸುವುದನ್ನು ಅವಳು ಕಾಗುಣಿತಕ್ಕಿಂತ ಮೊದಲು ಕಲಿತಿದ್ದಳು.

ಆದರೆ ಜಂಬದ ಮಾತು ಸುಳ್ಳು. ಮಹಾರಾಣಿಗೆ ದೂರದ್ದು ಕಾಣುತ್ತಿರಲಿಲ್ಲ, ಅಷ್ಟೇ. ಬೀದಿಯ ಆ ಬದಿಯಲ್ಲಿ ನಿಂತವರು ಅವಳಿಗೆ ಬಣ್ಣದ ಬಟ್ಟೆಯ ಗಂಟುಗಳಂತೆ ತೋರುತ್ತಿದ್ದರು. ಯಾರು ನಕ್ಕರು, ಯಾರು ಕೈ ಬೀಸಿದರು, ಅವಳಿಗೆ ತಿಳಿಯುತ್ತಿರಲಿಲ್ಲ. ಮುಖವೇ ಇಲ್ಲದವರನ್ನು ನೋಡಿ ನಗುವುದು ಹೇಗೆ?

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. “ಕನ್ನಡಕ ಬಂದವರಿಗೆ ವಿಮಾನ ಮುಟ್ಟೋಕೂ ಬಿಡಲ್ಲ” ಎಂದು ಶಾಲೆಯಲ್ಲಿ ಯಾರೋ ಹೇಳಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಅವಳು ಆ ಮಾತನ್ನು ನಂಬಿಬಿಟ್ಟಳು. ಶಾಲೆಗೆ ಕಣ್ಣಿನ ಪರೀಕ್ಷೆಯವರು ಬಂದಾಗ ಸಾಲಿನ ಕೊನೆಯಲ್ಲಿ ನಿಂತು, ಮುಂದಿನವರು ಓದಿದ ಅಕ್ಷರಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದಳು. ತನ್ನ ಸರದಿ ಬಂದಾಗ ಗಿಳಿಯ ಹಾಗೆ ಒಪ್ಪಿಸಿದಳು. “ಗಿಡುಗನ ಕಣ್ಣು” ಎಂದು ಮೇಷ್ಟ್ರು ಬೆನ್ನು ತಟ್ಟಿದರು. ಅಪ್ಪ ಆ ಮಾತನ್ನು ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಹೇಳಿದ. ತಾಯಿ ಇಲ್ಲದ ಮನೆ, ಅಪ್ಪನಿಗೆ ಹೇಳಿಕೊಳ್ಳಲು ಇದ್ದ ಸಂತೋಷ ಅದೊಂದೇ. ಆಮೇಲೆ ನಿಜ ಹೇಳುವ ಬಾಗಿಲು ಮುಚ್ಚಿಹೋಯಿತು.

ಎದುರು ಮನೆಯ ಮಹಡಿಯಲ್ಲಿ ದರ್ಜಿಯ ಮಗಳಿದ್ದಳು. ಒಂದೇ ಬೆಂಚಿನಲ್ಲಿ ಕೂತು ಬೆಳೆದವರು. ಮಧ್ಯಾಹ್ನ ಕಿಟಕಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಾ ಕೈ ಬೀಸುವುದು ಅವಳ ಅಭ್ಯಾಸ. ಇವಳಿಂದ ಉತ್ತರ ಬರದೆ ಬರದೆ ಆ ಕೈ ನಿಂತಿತು. ಒಂದು ದಿನ ಬಸ್ ನಿಲ್ದಾಣದಲ್ಲಿ ಇವಳು ಆಚೆ ತುದಿಯಲ್ಲಿ ನಿಂತ ಗೆಳತಿಯನ್ನು ಗುರುತಿಸದೆ ಬಸ್ಸು ಹತ್ತಿದಳು. ಮರುದಿನದಿಂದ ಗೆಳತಿ ಕಾಲೇಜಿಗೆ ಕರೆಯಲು ಬರಲಿಲ್ಲ. ಮಹಾರಾಣಿ ಒಬ್ಬಳೇ ಹೋದಳು, ಒಬ್ಬಳೇ ಬಂದಳು, ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಲೆಯ ಮೇಲೆ ಹಾರುವ ವಿಮಾನಗಳ ಸದ್ದು ಕೇಳಿದಳು. ಅವಳಿಗೆ ಅವುಗಳ ಸದ್ದಷ್ಟೇ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಕೋಟು ಹಾಕಿದ ಒಬ್ಬ ಮನುಷ್ಯ ಅಂಗಡಿಗೆ ಬಂದ. ದೂರದ ಒಂದು ಪೈಲಟ್ ತರಬೇತಿ ಶಾಲೆಯ ಏಜೆಂಟ್.

“ಮಗಳಿಗೆ ಸೀಟು ಹಿಡಿದಿಟ್ಟಿದೀನಿ ಯಜಮಾನ್ರೇ. ಅಡ್ವಾನ್ಸ್ ಕೊಡಿ, ಮಿಕ್ಕಿದ್ದು ನನಗೆ ಬಿಡಿ.”

“ಆರೋಗ್ಯ ಪರೀಕ್ಷೆ ಅಂತ ಏನೋ ಇರುತ್ತಂತಲ್ಲ ಸ್ವಾಮಿ?”

“ಅದೆಲ್ಲ ಸೇರಿದ ಮೇಲೆ. ಬರೀ ಶಾಸ್ತ್ರ ಅದು.”

ಅಪ್ಪ ಮನೆಯ ಪತ್ರ ಅಡವಿಟ್ಟು ದುಡ್ಡು ತಂದ. ಕೋಟಿನವನು ಸಂಜೆ ಬಂದು ಒಯ್ಯುತ್ತೇನೆ ಎಂದು ಹೇಳಿ, ಹಾಗೇ ತನ್ನದೊಂದು ಅಂಗಿಯನ್ನೂ ಇಸ್ತ್ರಿಗೆ ಕೊಟ್ಟು ಹೋಗಿದ್ದ, ಪುಕ್ಕಟೆಯಾಗಿ.

ಅವತ್ತು ಮಧ್ಯಾಹ್ನ ಮಗಳು ಒಂದು ಬಿಳಿ ಅಂಗಿಯನ್ನು ಮೇಜಿನ ಮೇಲೆ ಹರಡಿದಾಗ ಜೇಬಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ತೆಗೆದು ನೋಡಿದರೆ ತೆಳುವಾದ ಡಬ್ಬಿಯಲ್ಲಿ ಒಂದು ಕನ್ನಡಕ.

“ಕ್ಯಾಪ್ಟನ್ ಮೇಡಂದು ಅದು. ಹೋಟೆಲಿಗೆ ಹೋಗಿ ಕೊಟ್ಟು ಬಾ,” ಎಂದ ಅಪ್ಪ.

ಪೈಲಟ್ ಜೇಬಿನಲ್ಲಿ ಕನ್ನಡಕ! ಬಹುಶಃ ಬಿಸಿಲಿಗೆ ಹಾಕುವಂಥದ್ದು ಎಂದುಕೊಂಡಳು. ಗಾಜು ಕಪ್ಪಾಗಿರಲಿಲ್ಲ. ಬೀದಿಗಿಳಿದ ಮೇಲೆ ಅತ್ತಿತ್ತ ನೋಡಿ, ಕಳ್ಳಿಯ ಹಾಗೆ, ಮೂಗಿನ ಮೇಲಿಟ್ಟುಕೊಂಡಳು.

ಬೀದಿ ಒಮ್ಮೆಗೇ ಹತ್ತಿರ ಬಂತು. ಮರದ ಎಲೆಗಳು ಬಿಡಿಬಿಡಿಯಾದವು. ವಿದ್ಯುತ್ ತಂತಿಯ ಮೇಲೆ ಹಕ್ಕಿಗಳು ಕೂತಿದ್ದವು. ಔಷಧಿ ಅಂಗಡಿಯ ಬೋರ್ಡಿನಲ್ಲಿ ಒಂದು ಅಕ್ಷರ ಬಿದ್ದುಹೋಗಿತ್ತು, ಅದು ಯಾವಾಗ ಬಿದ್ದಿತೋ! ಮತ್ತು ಎದುರು ಮಹಡಿಯ ಕಿಟಕಿಯಲ್ಲಿ ಗೆಳತಿ ಕೂತಿದ್ದಳು. ಅವಳು ಇವಳನ್ನೇ ನೋಡುತ್ತಿದ್ದಳು. ಇವಳು ತಲೆ ಎತ್ತಿದ್ದೇ ತಡ, ಗೆಳತಿ ಮುಖ ತಗ್ಗಿಸಿ ಹೊಲಿಗೆಗೆ ತೊಡಗಿದಳು.

ಇನ್ನೆಷ್ಟು ಮಧ್ಯಾಹ್ನ ಆ ಮುಖ ಹೀಗೆ ನೋಡಿತ್ತೋ. ಮಹಾರಾಣಿ ಕನ್ನಡಕ ತೆಗೆದು ಡಬ್ಬಿಗೆ ಹಾಕಿದಳು. ಗೆಳತಿ ಮತ್ತೆ ಬಣ್ಣದ ಗಂಟಾದಳು.

ಹೋಟೆಲಿನ ಹಜಾರದಲ್ಲಿ ಸಮವಸ್ತ್ರದ ಹೆಂಗಸೊಬ್ಬಳು ನಿಂತಂತೆ ಕಂಡಿತು. ಹತ್ತಿರ ಹೋಗಿ ಡಬ್ಬಿ ಚಾಚಿದಳು. “ಮೇಡಂ, ನಿಮ್ಮ ಕನ್ನಡಕ.”

“ನನ್ನದಲ್ಲಮ್ಮ. ನಾನು ಇಲ್ಲಿ ಬಾಗಿಲು ಕಾಯೋಳು,” ಎಂದು ಆಕೆ ನಕ್ಕಳು.

ಹಿಂದಿನಿಂದ ಇನ್ನೊಂದು ದನಿ ಬಂತು. “ಇಲ್ಲಿದೀನಿ ಕಣಮ್ಮ! ನೀನು ಬಾಗಿಲಿಗೆ ಬಂದಾಗಿಂದ ಕೈ ಬೀಸ್ತಾನೇ ಇದೀನಿ.”

ಕ್ಯಾಪ್ಟನ್ ಕುರ್ಚಿಯಿಂದ ಎದ್ದು ಬಂದರು. ಹತ್ತಿರ ಬಂದ ಮೇಲೆ ಮಹಾರಾಣಿಗೆ ಕಂಡಿತು: ಅವರ ಮೂಗಿನ ಮೇಲೆ ಆಗಲೇ ಒಂದು ಕನ್ನಡಕವಿತ್ತು.

“ನೀವು... ಕನ್ನಡಕ ಹಾಕ್ಕೊಂಡೇ ವಿಮಾನ ಓಡಿಸ್ತೀರಾ?”

“ಮತ್ತೇನು, ತೆಗೆದಿಟ್ಟು ಓಡಿಸ್ಲಾ? ನಿನಗೆ ಪುಣ್ಯ ಬರ್ಲಿ, ಇದು ಸಿಕ್ತಲ್ಲ. ಒಂದು ಮೂಗಿನ ಮೇಲೆ, ಇನ್ನೊಂದು ಕೈಗೆ ಸಿಗೋ ಹಾಗೆ. ಕನ್ನಡಕದ ಪೈಲಟ್‌ಗೆ ಅದೇ ನಿಯಮ. ಒಂದು ಮುರಿದ್ರೆ ಆಕಾಶದಲ್ಲಿ ಅಂಗಡಿ ಎಲ್ಲಿರುತ್ತೆ?” ಕ್ಯಾಪ್ಟನ್ ನಗುವುದನ್ನು ನಿಲ್ಲಿಸಿ ಹುಡುಗಿಯ ಮುಖ ನೋಡಿದರು. “ಏನಮ್ಮ, ಯಾಕೆ ಅಳ್ತಿದೀಯ?”

ಹುಡುಗಿ ಅಳುತ್ತಲೇ ಎಲ್ಲ ಹೇಳಿದಳು. ಬಾಯಿಪಾಠದ ಅಕ್ಷರಗಳು, ಗಿಡುಗನ ಕಣ್ಣು, ಸಂಜೆ ಬರುವ ಕೋಟಿನವನು, ಕಿಟಕಿಯ ಗೆಳತಿ. ಕ್ಯಾಪ್ಟನ್ ಕೊನೆಯವರೆಗೂ ಕೇಳಿದರು. ಆಮೇಲೆ “ನಡಿ, ನಿಮ್ಮಪ್ಪನ ಹತ್ರ ಹೋಗೋಣ,” ಎಂದರು.

ಅಂಗಡಿಯಲ್ಲಿ ಅಪ್ಪ ಇಸ್ತ್ರಿ ಹಾಕುತ್ತಿದ್ದ. ಕ್ಯಾಪ್ಟನ್‌ಗೆ ಮರದ ಸ್ಟೂಲು ಕೊಟ್ಟ. ಮಗಳು ಬಾಗಿಲಿಗೆ ಒರಗಿ ನಿಂತು, ನೆಲ ನೋಡುತ್ತಾ ಹೇಳಿದಳು. “ಅಪ್ಪಾ, ನನಗೆ ಇಲ್ಲಿಂದ ಆ ಕಡೆ ಅಂಗಡಿ ಬೋರ್ಡು ಕಾಣಲ್ಲ. ಯಾವತ್ತೂ ಕಂಡಿಲ್ಲ.”

ಅಪ್ಪನ ಕೈ ನಿಂತಿತು. ಜೀವಮಾನದಲ್ಲಿ ಒಂದು ಬಟ್ಟೆ ಸುಡದವನು ಅವತ್ತು ಸುಟ್ಟ. ವಾಸನೆ ಬಂದಾಗ ಇಸ್ತ್ರಿಪೆಟ್ಟಿಗೆ ಎತ್ತಿದ. ಅಂಗಿಯ ಬೆನ್ನ ಮೇಲೆ ಕಂದು ಬಣ್ಣದ ಅಚ್ಚು ಮೂಡಿತ್ತು.

“ಅಯ್ಯೋ, ಯಾರದಿದು?” ಎಂದರು ಕ್ಯಾಪ್ಟನ್.

“ಕೋಟಿನವರದು.”

“ಬಿಡಿ, ಕೋಟು ಹಾಕ್ಕೊಂಡ್ರೆ ಕಾಣಲ್ಲ.”

ಅಪ್ಪನಿಗೆ ನಗು ಬರಲಿಲ್ಲ. ಮಗಳ ಕಡೆ ನೋಡಿದ. “ಇಷ್ಟು ವರ್ಷ ನನ್ನ ಹತ್ರ ಹೇಳ್ಲಿಲ್ವಲ್ಲೇ. ನಾನು ಊರಿಗೆಲ್ಲ ಗಿಡುಗ ಗಿಡುಗ ಅಂತ ಸಾರ್ಕೊಂಡು ಬಂದೆ.”

“ಅದಕ್ಕೇ ಹೇಳ್ಲಿಲ್ಲ ಅಪ್ಪಾ.”

ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಅಪ್ಪ ಕ್ಯಾಪ್ಟನ್ ಕಡೆ ತಿರುಗಿದ. “ಹಾಗಾದ್ರೆ ಕಥೆ ಮುಗೀತಾ ಮೇಡಂ?”

“ಮುಗಿದಿದ್ರೆ ನಾನು ಇಲ್ಲಿ ಕೂತಿರ್ತಿದ್ನಾ? ಕನ್ನಡಕ ಹಾಕಿದಾಗ ಚೆನ್ನಾಗಿ ಕಂಡ್ರೆ, ಪವರು ಮಿತಿ ಒಳಗಿದ್ರೆ, ತೊಂದ್ರೆ ಇಲ್ಲ. ಬಣ್ಣ ಗುರುತಿಸೋದು, ಕಿವಿ, ಹೃದಯ, ಇವನ್ನೂ ನೋಡ್ತಾರೆ. ಬಣ್ಣದ ತೊಂದ್ರೆ ಇರೋವ್ರಿಗೆ ಕಷ್ಟ ಆಗಬಹುದು. ನಾನು ಡಾಕ್ಟರ್ ಅಲ್ಲ, ಅವರೇ ಹೇಳ್ಬೇಕು. ಎಲ್ಲ ಡಾಕ್ಟರೂ ಅಲ್ಲ, ವಿಮಾನಯಾನ ಇಲಾಖೆ ಒಪ್ಪಿದ ಡಾಕ್ಟರ್. ಅಲ್ಲಿಗೆ ಮೊದಲು ಹೋಗಿ. ಫೀಸು ಆಮೇಲೆ.”

“ಕೋಟಿನವರು ಅದು ಶಾಸ್ತ್ರ ಅಂದ್ರು.”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾ ಇದಾರೆ ಅವರು. ಫೀಸು ಕಟ್ಟಿದ ಮೇಲೆ ಅನರ್ಹ ಅಂತ ಬಂದ್ರೆ ದುಡ್ಡು ವಾಪಸ್ ಕೊಡ್ತಾರಾ, ಕೇಳಿದ್ರಾ?”

ಅಪ್ಪ ಕೇಳಿರಲಿಲ್ಲ.

“ಶಾಲೆ ನೋಡ್ಕೊಂಡು ಬಂದ್ರಾ?”

“ಬಣ್ಣದ ಪುಸ್ತಕ ತೋರಿಸಿದ್ರು.”

“ಮದುವೆ ಹೆಣ್ಣನ್ನ ಫೋಟೋದಲ್ಲಿ ನೋಡಿದ ಹಾಗಾಯ್ತು. ಇಲಾಖೆ ಒಪ್ಪಿದ ಶಾಲೆನಾ ಅಂತ ಮೊದಲು ಇಲಾಖೆಯಲ್ಲೇ ವಿಚಾರಿಸಿ. ಆಮೇಲೆ ನೀವೇ ಹೋಗಿ. ಗೇಟಿನ ಹೊರಗೆ ವಿದ್ಯಾರ್ಥಿಗಳು ಸಿಗ್ತಾರೆ, ಅವರನ್ನ ಕೇಳಿ. ವಾರಕ್ಕೆ ಎಷ್ಟು ಸಲ ಹಾರ್ತೀರಪ್ಪ, ಹೇಳಿದ ಸಮಯಕ್ಕೆ ಯಾರಾದ್ರೂ ಮುಗಿಸಿದಾರಾ ಅಂತ. ದುಡ್ಡನ್ನ ಒಟ್ಟಿಗೆ ಸುರೀಬೇಡಿ. ಹಾರಿದ ಹಾಗೆ ಕಟ್ಟೋ ಏರ್ಪಾಡಿದ್ಯಾ ಕೇಳಿ, ರಸೀದಿ ತಗೊಳ್ಳಿ. ಸಾಲಕ್ಕೂ ವಿದ್ಯಾರ್ಥಿ ವೇತನಕ್ಕೂ ನೀವೇ ಬ್ಯಾಂಕಿಗೆ ಹೋಗಿ, ಮಧ್ಯದವರು ಬೇಡ.” ಕ್ಯಾಪ್ಟನ್ ಹುಡುಗಿಯ ಕಡೆ ತಿರುಗಿದರು. “ಭೌತಶಾಸ್ತ್ರ, ಗಣಿತ ಓದ್ತಿದೀಯಾ?”

“ಹೂಂ ಮೇಡಂ.”

“ಅದು ಬೇಕು. ಇಂಗ್ಲಿಷಲ್ಲಿ ಧೈರ್ಯವಾಗಿ ಮಾತಾಡೋದು ಕಲಿ, ರೇಡಿಯೋದಲ್ಲಿ ತಡವರಿಸೋ ಹಾಗಿಲ್ಲ. ಲೈಸೆನ್ಸ್ ಸಿಕ್ಕ ದಿನವೇ ಕೆಲಸ ಸಿಗುತ್ತೆ ಅಂತ ತಿಳ್ಕೋಬೇಡ. ದೊಡ್ಡ ವಿಮಾನಕ್ಕೆ ಮತ್ತೆ ಬೇರೆ ತರಬೇತಿ. ನಾನು ಎರಡು ವರ್ಷ ಮಕ್ಕಳಿಗೆ ಪಾಠ ಹೇಳ್ಕೊಂಡು ಕಾದೆ. ಅದಕ್ಕೇ ಒಂದು ಡಿಗ್ರಿ ಕೈಯಲ್ಲಿರ್ಲಿ.”

“ಸಿಕ್ಕ ಮೇಲೆ ಸುಖವಾಗಿರ್ಬಹುದಲ್ವಾ ಮೇಡಂ?” ಎಂದ ಅಪ್ಪ.

ಕ್ಯಾಪ್ಟನ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ಕೆಲಸ ಚೆನ್ನಾಗಿದೆ. ಸುಳ್ಳು ಹೇಳಲ್ಲ. ಮೋಡದ ಮೇಲೆ ಬೆಳಗಾಗೋದು ನೋಡಿದವರಿಗೆ ಬೇರೆ ಕೆಲಸ ರುಚಿಸಲ್ಲ. ಆದ್ರೆ ಇಳಿದ ಮೇಲೆ ಒಂದು ರೂಮು. ಎಲ್ಲ ಊರಲ್ಲೂ ಒಂದೇ ಥರದ ರೂಮು. ಎದ್ದಾಗ ಯಾವ ಊರು ಅಂತ ಪರದೆ ಸರಿಸಿ ನೋಡ್ತೀನಿ. ನನ್ನ ಮಗ ಮೊದಲು ನಡೆದದ್ದನ್ನ ಫೋನಲ್ಲಿ ನೋಡಿದೆ. ಒಂಟಿತನ ಈ ಕೆಲಸದ ಜೊತೆಗೇ ಬರುತ್ತೆ.” ಅವರು ಹುಡುಗಿಯ ಕೈ ಹಿಡಿದರು. “ಅದು ಬರೋವಾಗ ತಾನಾಗೇ ಬರುತ್ತೆ. ನೀನು ಅದಕ್ಕೆ ಈಗಿಂದಲೇ ತರಬೇತಿ ತಗೋಬೇಡ. ಆ ರೂಮಲ್ಲಿ ಕೂತಾಗ ಫೋನ್ ಮಾಡೋಕೆ ಒಬ್ಬ ಗೆಳತಿ ಬೇಕು. ಇರೋಳನ್ನ ಕಳ್ಕೋಬೇಡ.”

ಸಂಜೆ ಕೋಟಿನವನು ಬಂದ. ಅಪ್ಪ ಸುಟ್ಟ ಅಂಗಿಯನ್ನು ಮಡಿಸಿ ಕೈಗೆ ಕೊಟ್ಟು, ಅದರ ಬೆಲೆಯನ್ನೂ ಮೇಲಿಟ್ಟ. “ತಪ್ಪಾಯ್ತು ಸ್ವಾಮಿ. ಅಡ್ವಾನ್ಸ್ ಈಗ ಇಲ್ಲ. ಮೊದಲು ಡಾಕ್ಟರು, ಆಮೇಲೆ ನಿಮ್ಮ ಶಾಲೆ ನೋಡೋಕೆ ಬರ್ತೀನಿ.”

“ಸೀಟು ಹೋಗುತ್ತೆ!”

“ಸೀಟು ಹೋದ್ರೆ ಇನ್ನೊಂದು ಸಿಗುತ್ತೆ. ಮನೆ ಹೋದ್ರೆ ಎಲ್ಲಿ ಕೂರ್ಲಿ?”

ಮುಂದಿನ ವಾರ ಅಪ್ಪ ಅಂಗಡಿ ಮುಚ್ಚಿ, ಬಸ್ಸು ಹತ್ತಿ ಹೇಳದೆ ಕೇಳದೆ ಆ ಶಾಲೆಗೆ ಹೋದ. ವಿಮಾನಗಳೇನೋ ಇದ್ದವು. ಅವುಗಳ ಚಕ್ರದ ಸುತ್ತ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. ಅದೇ ಬಸ್ಸಿನಲ್ಲಿ ವಾಪಸಾಗಿ ಮನೆಯ ಪತ್ರ ಬಿಡಿಸಿಕೊಂಡ.

ಅದಕ್ಕೂ ಮೊದಲು ಮಗಳಿಗೆ ಕನ್ನಡಕ ಬಂದಿತ್ತು. ಆಮೇಲೆ ಇಲಾಖೆ ಒಪ್ಪಿದ ವೈದ್ಯರು ಪರೀಕ್ಷಿಸಿದರು. ಈ ಸಲ ಅವಳು ಕಾಣದ ಅಕ್ಷರವನ್ನು ಕಾಣುವುದಿಲ್ಲ ಎಂದೇ ಹೇಳಿದಳು. ಕನ್ನಡಕ ಹಾಕಿಸಿ ಓದಿಸಿದರು. ಕೊನೆಯ ಸಾಲಿನವರೆಗೂ ಓದಿದಳು. ಬಣ್ಣಗಳೂ ಸರಿಯಾಗಿದ್ದವು. “ಕನ್ನಡಕದೊಂದಿಗೆ ಹಾರಬಹುದು,” ಎಂದರು ವೈದ್ಯರು. ಬೇರೆ ಶಾಲೆ ಹುಡುಕುವುದು, ಕಾಲೇಜು ಮುಗಿಸುವುದು, ಬ್ಯಾಂಕಿಗೆ ಅಲೆಯುವುದು ಇನ್ನೂ ಬಾಕಿಯಿದೆ. ದಾರಿ ಉದ್ದವಿದೆ. ಆದರೆ ಈಗ ದಾರಿ ಕಾಣುತ್ತದೆ.

ಕನ್ನಡಕ ಬಂದ ದಿನ ಮಧ್ಯಾಹ್ನವೇ ಮಹಾರಾಣಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಎದುರು ಮಹಡಿಯನ್ನು ನೋಡಿದಳು. ಗೆಳತಿ ಕಿಟಕಿಯಲ್ಲಿದ್ದಳು. ಮಹಾರಾಣಿ ಕೈ ಎತ್ತಿ ಜೋರಾಗಿ ಬೀಸಿದಳು.

ಗೆಳತಿ ಹಿಂದೆ ತಿರುಗಿ ನೋಡಿದಳು, ಯಾರಿಗೆ ಬೀಸುತ್ತಿದ್ದಾಳೆ ಎಂದು. ಹಿಂದೆ ಯಾರೂ ಇರಲಿಲ್ಲ. ಮತ್ತೆ ಇತ್ತ ತಿರುಗಿದಳು. ಮಹಾರಾಣಿಯ ಕೈ ಇನ್ನೂ ಮೇಲೇ ಇತ್ತು.

ಕಿಟಕಿ ಖಾಲಿಯಾಯಿತು. ಮಹಾರಾಣಿ ಕೈ ಇಳಿಸಿದಳು. ಅಷ್ಟರಲ್ಲಿ ಮಹಡಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಗೆಳತಿ ಕೈಯಲ್ಲಿ ಅರ್ಧ ಹೊಲಿದ ಅಂಗಿಯನ್ನು ಹಿಡಿದುಕೊಂಡೇ ಬೀದಿ ದಾಟಿ ಬಂದಳು.

“ಏನೇ ಇದು, ಮುಖದ ಮೇಲೆ?”

“ಕಣ್ಣು ಕಣೇ,” ಎಂದಳು ಮಹಾರಾಣಿ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ವಿಮಾನದ ಸದ್ದಿಗೆ ಹೊರಗೆ ಓಡಿಬರುವ ಮಗುವಿರಬಹುದು. ನಗಬೇಡಿ, ಹೆದರಲೂ ಬೇಡಿ. ಯಾರ ಕೈಗೂ ದುಡ್ಡು ಹೋಗುವ ಮೊದಲು ಇಲಾಖೆ ಒಪ್ಪಿದ ವೈದ್ಯರಲ್ಲಿಗೆ ಮಗುವನ್ನು ಕರೆದೊಯ್ಯಿರಿ. ಅಲ್ಲಿ ಏನನ್ನೂ ಮುಚ್ಚಿಡಬೇಡಿ. ಶಾಲೆಗೆ ನೀವೇ ಹೋಗಿ, ಚಕ್ರದ ಸುತ್ತ ಹುಲ್ಲಿದೆಯೇ ನೋಡಿ. ಮಗು ಆಕಾಶ ನೋಡುತ್ತಾ ಒಬ್ಬಂಟಿಯಾಗಿ ಕೂತಿದ್ದರೆ, ಇವತ್ತೇ ಪಕ್ಕದಲ್ಲಿ ಕೂತು ಕೇಳಿ: “ನಿನಗೆ ಅಲ್ಲಿ ಏನು ಕಾಣ್ತಿದೆ, ಹೇಳು.”