ಬುಟ್ಟಿಯ ಕೆಳಗಿನ ಕಾಗೆ

ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ, ಇಲ್ಲಿಯೂ ಬರೆದಿರಲಿಲ್ಲ. ನನ್ನ ಕೋಣೆಯ ಕಾಗೆಮರಿ ಮರದಿಂದ ಬಿದ್ದದ್ದಲ್ಲ. ಅದು ಗೊತ್ತಾಗಿಬಿಟ್ಟರೆ ಏನು ಮಾಡಲಿ ಎಂದು ಹದಿನೆಂಟು ದಿನ ಹೆದರಿಕೊಂಡಿದ್ದೆ.

ತೋಟದಲ್ಲಿ ಮರಗಸಿ ನಡೆಯುತ್ತಿತ್ತು. ಆಳುಗಳು ನೆರಳಿನ ಮರಗಳ ಕೊಂಬೆ ಕಡಿಯುತ್ತಿದ್ದರು. ಹಾಗಾಗಿ ‘ಗೂಡಿನಿಂದ ಬಿದ್ದಿತ್ತು, ರೆಕ್ಕೆ ಮುರಿದಿದೆ’ ಎಂದಾಗ ಎಲ್ಲರೂ ನಂಬಿದರು. ನಿಜವೆಂದರೆ ಮರಿ ಕಾಫಿ ಗಿಡದ ಮೇಲೆ ಕೂತು ತಾಯಿಯಿಂದ ಗುಟುಕು ತಿನ್ನುತ್ತಿತ್ತು. ತಾಯಿ ಅತ್ತ ಹಾರಿದ್ದೇ ದುಪ್ಪಟ್ಟಾ ಮುಚ್ಚಿ ಎತ್ತಿಕೊಂಡು ಬಂದೆ. ಡಿಗ್ರಿ ಮುಗಿದು ಎರಡು ವರ್ಷ. ಫೋನಿನಲ್ಲಿ ಮಾತಾಡಲೂ ತಡವರಿಸುವ ನನಗೆ ಮಾತಿಲ್ಲದ ಒಂದು ಜೊತೆ ಬೇಕಿತ್ತು.

ಕಾಗೆ ಜೊತೆಯಾಗಲಿಲ್ಲ. ಕೋಳಿ ಮುಚ್ಚುವ ಬುಟ್ಟಿಯೊಳಗೆ ದಿನವಿಡೀ ಬಡಿದುಕೊಂಡು ಬಾಲದ ಗರಿ ಮುರಿದುಕೊಂಡಿದೆ. ಹೊರಗೆ ಬಿಟ್ಟರೆ ದಿಂಬು ಹರಿಯುತ್ತದೆ, ಒಣಮೀನಿನ ತುಂಡನ್ನು ಈ ಡೈರಿಯ ಹಾಳೆಗಳ ನಡುವೆ ಬಚ್ಚಿಡುತ್ತದೆ. ಮೂರು ಪುಟ ಇನ್ನೂ ನಾರುತ್ತಿವೆ. ಕೈ ಚಾಚಿದರೆ ಕುಕ್ಕುತ್ತದೆ, ಕೈ ತೆಗೆದರೆ ಕೂಗುತ್ತದೆ. ಕೂಗಿದರೆ ಹೆಂಚಿನ ಮೇಲೆ ಕಾಯುತ್ತಿರುವ ಎರಡು ಕಾಗೆಗಳು ಉತ್ತರ ಕೊಡುತ್ತವೆ.

ಆ ಎರಡಕ್ಕೂ ನನ್ನ ಮುಖ ಗೊತ್ತು. ಅಮ್ಮ ಓಡಾಡಿದರೆ ಸುಮ್ಮನಿರುತ್ತವೆ. ನಾನು ಹೊಸಿಲು ದಾಟಿದರೆ ಸಾಕು, ನೆತ್ತಿಗೇ ಬರುತ್ತವೆ. ಬಟ್ಟೆ ಒಣಹಾಕಲೂ ಕೊಡೆ ಬೇಕು. ಮಲ್ಲಂದೂರಿನ ಬಸ್ ಸ್ಟಾಪಿನ ಕಡೆ ಹೋಗಿ ಎರಡು ವಾರವಾಯಿತು.

“ಸಣ್ಣಮ್ಮ, ನಿಮ್ಮ ಮೇಲೇ ಯಾಕೆ ಅವಕ್ಕೆ ಇಷ್ಟು ಪ್ರೀತಿ?” ತೋಟದ ಕೆಲಸದ ಪಾಪಮ್ಮ ನಗುತ್ತಾಳೆ. “ಹೋದ ಜನ್ಮದಲ್ಲಿ ನಿಮ್ಮ ಅತ್ತೆ-ಮಾವ ಆಗಿದ್ವೇನೋ!”

ಮರಿ ಬಿಟ್ಟುಬಿಡೋಣವೆಂದರೆ ಅಮ್ಮ, “ರೆಕ್ಕೆ ಕೂಡ್ಲಿ ಮೇಘಾ, ಅರ್ಧಕ್ಕೆ ಬಿಟ್ರೆ ಪಾಪ,” ಅನ್ನುತ್ತಾಳೆ. ಕೂಡಲು ಮುರಿದಿದ್ದಾದರೂ ಎಲ್ಲಿ? ಮಗಳು ಒಂದು ಜೀವ ಉಳಿಸಿದಳೆಂದು ನೆಂಟರಿಗೆಲ್ಲ ಹೇಳಿಕೊಂಡಿದ್ದಾಳೆ.

ಇವತ್ತು ಬೆಳಿಗ್ಗೆ ಕೊಡೆ ಮರೆತೆ. ಒಂದು ಕಾಗೆ ಬಂದು ತಲೆಗೆ ಹೊಡೆಯಿತು. ರಕ್ತ ಬಂದದ್ದು ಒಂದು ಹನಿ. ಅಮ್ಮ ಹೌಹಾರಿದಳು. ಕಾಗೆ ತಲೆ ಮುಟ್ಟಿದರೆ ನಮ್ಮಲ್ಲಿ ಸಾವಿನ ಸೂಚನೆ. ಪರಿಹಾರವೂ ಉಂಟು: ಹತ್ತಿರದವರಿಗೆ ಸತ್ತಳೆಂದು ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಿಜವಾಗಿ ಅತ್ತರೆ ದೋಷ ಕಳೆಯಿತು.

ಬಾಳೂರಿನ ಪ್ರೇಮಕುಮಾರಿ ಚಿಕ್ಕಮ್ಮನಿಗೆ ಅಮ್ಮ ಫೋನ್ ಮಾಡಿದಳು. “ಪ್ರೇಮಾ, ಮೇಘಾ ಹೋಗ್ಬಿಟ್ಲು ಕಣೆ.”

ಆ ಕಡೆಯಿಂದ ಒಂದು ಕೂಗು. “ಸುಳ್ಳು ಕಣೆ, ಕಾಗೆ ಹೊಡೀತು ಅಂತ…” ಎಂದು ಅಮ್ಮ ಅನ್ನುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮತ್ತೆ ಸಿಗಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಅಂಗಳಕ್ಕೆ ಜೀಪು ಬಂತು. ಚಪ್ಪಲಿ ಇಲ್ಲದ ಕಾಲಲ್ಲಿ ಚಿಕ್ಕಮ್ಮ ಇಳಿದರು. ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಅಲ್ಲೇ ಕುಸಿದರು. ಅತ್ತು ಅತ್ತು ಅವರ ಗಂಟಲು ಒಡೆದುಹೋಗಿತ್ತು. ಹೆಂಚಿನ ಮೇಲಿನ ಕಾಗೆಗಳ ಗಂಟಲೂ ಹಾಗೇ ಆಗಿದೆ ಎಂದು ನನಗೆ ಕೇಳಿಸಿದ್ದು ಆಗ.

“ಕಾಗೆ ತಲೆಗೆ ಹೊಡೆದ ದೋಷ ಕಳೀತು ಬಿಡೆ,” ಎಂದಳು ಅಮ್ಮ.

“ನಿನ್ನ ದೋಷಕ್ಕೆ ಬೆಂಕಿ ಹಾಕ! ದಾರೀಲಿ ನನ್ನ ಜೀವ ಹೋಗಿ ಬಂತು, ಮಾರಾಯ್ತಿ!” ಚಿಕ್ಕಮ್ಮ ನನ್ನ ಕೆನ್ನೆಗೊಂದು ಕೊಟ್ಟು, ಹಾಗೇ ಅಪ್ಪಿಕೊಂಡರು. “ಬಿದ್ದ ಮರೀನ ಉಳಿಸಿದ ಪುಣ್ಯಾತ್ಗಿತ್ತಿ ನೆತ್ತಿಗೇ ಹೊಡೀತಾವಲ್ಲ, ಉಪಕಾರ ಗೊತ್ತಿಲ್ಲದ ಮುಂಡೇವು!”

ನಾನು ಒಳಗೆ ಹೋಗಿ ಬುಟ್ಟಿ ಎತ್ತಿದೆ. ಕಾಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳಕ್ಕೆ ತಂದೆ. ಅದು ನನ್ನ ಹೆಬ್ಬೆರಳು ಕುಕ್ಕುತ್ತಲೇ ಇತ್ತು. ಅಮ್ಮ ಕೊಡೆ ಹಿಡಿದು ಓಡಿಬಂದಳು. ಬೇಡವೆಂದು ತಲೆಯಾಡಿಸಿದೆ.

“ಇದು ಬಿದ್ದಿರ್ಲಿಲ್ಲ ಚಿಕ್ಕಮ್ಮ,” ಎಂದೆ. “ತಾಯಿ ಗುಟುಕು ಕೊಡ್ತಿತ್ತು. ನಾನೇ ಕದ್ದು ತಂದೆ.”