ತೊಟ್ಟಿಲಲ್ಲಿ ಎಂಟು ತೋಟಾ

ಮಾಸ್ತಪ್ಪನ ಕೋವಿಗೆ ಹಂದಿಗಳು ಹೆದರುತ್ತಿದ್ದುದು ನಿಜ, ಆದರೆ ಒಂದೇ ಸಲ. ಮೊದಲ ಈಡಿಗೆ ಎದ್ದು ಓಡುತ್ತಿದ್ದವು. ಆಮೇಲೆ ಅವನು ಗದ್ದೆಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ನಳಿಗೆಯಲ್ಲಿ ಸಿಕ್ಕಿಕೊಂಡ ಖಾಲಿ ತೋಟಾವನ್ನು ಸಲಾಕೆಯಿಂದ ಕುಟ್ಟಿ ತೆಗೆಯುವಷ್ಟರಲ್ಲಿ ನಿಧಾನವಾಗಿ ವಾಪಸು ಬಂದು ಬತ್ತ ಮೇಯುತ್ತಿದ್ದವು.

ಆ ಬತ್ತ ಅವನ ಹೆಂಡತಿ ಲೋಕಮ್ಮನದು. ಜಡೆ ಊರಿನ ಕೆರೆಯ ಕೆಳಗಿನ ಆ ಹತ್ತು ಗುಂಟೆ ಗದ್ದೆಯನ್ನು ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟಿದ್ದರು. ಯಾರ ಮುಖವನ್ನೂ ನೋಡದೆ, ಯಾರನ್ನೂ ಕೇಳದೆ ಅವಳು ಖರ್ಚು ಮಾಡಬಹುದಾಗಿದ್ದ ಬತ್ತ ಅದೊಂದೇ. ಹಂದಿಗಳು ಆಗಲೇ ಒಂದು ಮೂಲೆ ನುಣ್ಣಗೆ ಮಾಡಿದ್ದವು, ಕೊಯ್ಲಿಗೆ ಇನ್ನೂ ಹದಿನೈದು ದಿನವಿತ್ತು.

ತಪ್ಪು ಕೋವಿಯದಲ್ಲ, ತೋಟಾಗಳದು. ಮಾಸ್ತಪ್ಪನ ಅಪ್ಪನ ಕಾಲದ ಎಂಟು ಹಿತ್ತಾಳೆ ತೋಟಾ. ಹೊಡೆದ ಮೇಲೆ ಎಸೆಯುವಂತಿಲ್ಲ, ತೊಳೆದು ಮತ್ತೆ ಮದ್ದು ತುಂಬಬೇಕು. ಹೊಸ ಪೈಸೆ ಬಂದು ವರ್ಷವಾಗಿದ್ದ ಆ ಕಾಲದಲ್ಲಿ ಹೊಸ ತೋಟಾ ಬೇಕೆಂದರೆ ಶಿವಮೊಗ್ಗಕ್ಕೇ ಹೋಗಬೇಕಿತ್ತು. ಇವುಗಳ ಒಳಗೆ ಮದ್ದಿನ ಮಸಿ ಕಟ್ಟಿತ್ತು, ಹೊರಗೆ ಹಸಿರು ಕಿಲುಬು ಹಿಡಿದಿತ್ತು. ಹೀಗಿದ್ದರೆ ನಳಿಗೆಯಲ್ಲಿ ಕಚ್ಚಿಕೊಳ್ಳದೆ ಇನ್ನೇನು ಮಾಡಿಯಾವು?

ಮಾಸ್ತಪ್ಪ ಮರಳಲ್ಲಿ ಉಜ್ಜಿದ, ಗೀರು ಬಿದ್ದು ಇನ್ನಷ್ಟು ಕಚ್ಚಿಕೊಂಡವು. ಇಟ್ಟಿಗೆ ಪುಡಿಯಲ್ಲಿ ಉಜ್ಜಿದ, ಅವನ ಕೈಯೇ ಕೆಂಪಾಯಿತು.

"ರೀ, ಹುಣಸೆಹಣ್ಣು ಹಾಕಿ ನಾನೊಂದು ಸಲ ತಿಕ್ಕಲಾ?" ಎಂದಳು ಲೋಕಮ್ಮ.

"ಮುಟ್ಟೀಯಾ ಮತ್ತೆ! ಉಚ್ಚಂಗಪ್ಪಜ್ಜ ಹೇಳಿದ್ದು ಕೇಳಿಲ್ವಾ?"

ಉಚ್ಚಂಗಪ್ಪಜ್ಜ ಊರಿನ ಹಿರಿಯ ಬೇಟೆಗಾರ. ಹೆಂಗಸು ಮುಟ್ಟಿದ ತೋಟಾ ಹಾರುವುದಿಲ್ಲ, ಹಾರಿದರೂ ಗುರಿ ಮುಟ್ಟುವುದಿಲ್ಲ ಎಂಬುದು ಅವನ ಶಾಸ್ತ್ರ. ಅಜ್ಜ ಹೊಡೆದ ಹಂದಿಗಳಿಗಿಂತ ಹೇಳಿದ ಶಾಸ್ತ್ರಗಳೇ ಹೆಚ್ಚು, ಅದು ಬೇರೆ ಮಾತು. ಅಂತೂ ಶುಕ್ರವಾರ ಬಂದರೆ ದೇವರ ಪಾತ್ರೆಗಳಲ್ಲಿ ಮುಖ ಕಾಣುವಂತೆ ಬೆಳಗುವ ಕೈ ಮನೆಯಲ್ಲೇ ಇದ್ದರೂ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು ಮಾಸ್ತಪ್ಪನ ಪಾಡು.

ಕೊನೆಗೆ ಅವನಿಗೆ ಹುಳಿ ಮಜ್ಜಿಗೆಯ ಉಪಾಯ ಹೊಳೆಯಿತು. ಒಂದು ಬೆಳಿಗ್ಗೆ ಎಂಟೂ ತೋಟಾಗಳನ್ನು ಮಜ್ಜಿಗೆ ಮಡಕೆಯಲ್ಲಿ ಮುಳುಗಿಸಿ, "ಸಂಜೆವರೆಗೆ ಯಾರೂ ಇದರ ಹತ್ರ ಸುಳೀಬೇಡಿ" ಎಂದು ಹೇಳಿ ಸೊರಬದ ಬಸ್ಸು ಹತ್ತಿದ. ಅವನಿಗೆ ಕಚೇರಿಯಲ್ಲಿ ಪಹಣಿಯ ಕೆಲಸವಿತ್ತು.

ಬಸ್ಸಿನ ಧೂಳು ಅಡಗುವ ಮೊದಲೇ ಲೋಕಮ್ಮ ಮಡಕೆಗೆ ಕೈ ಹಾಕಿದಳು. ಅಜ್ಜನ ಶಾಸ್ತ್ರ ನಿಜವಾಗಿ ಗುರಿ ತಪ್ಪಿದರೆ ತನ್ನ ಬೆಳೆಯೇ ಹೋಗುತ್ತದೆ, ಹೋದರೆ ಹೋಗಲಿ, ಸುಮ್ಮನೆ ಕೂತರೂ ಅದು ಹೋಗುವುದೇ ಅಲ್ಲವೇ? ಬೂದಿ ಕಲಸಿದ ಬಿಸಿನೀರಿನಲ್ಲಿ ತೊಳೆದು ಮಸಿ ಬಿಡಿಸಿದಳು. ಕಡ್ಡಿಗೆ ತೆಂಗಿನ ನಾರು ಸುತ್ತಿ ಒಳಗೆಲ್ಲ ತಿರುವಿದಳು. ಹುಣಸೆ ನೀರಿನಲ್ಲಿ ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು ಮಾತ್ರ ನೆನೆಸಿದಳು, ಹೆಚ್ಚು ಬಿಟ್ಟರೆ ಹಿತ್ತಾಳೆ ಕೆಂಪಗಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಿಸಿಲಲ್ಲಿ ಒಣಗಿಸಿ, ಹೊಳಪಿಗೆಂದು ಬತ್ತದ ಹೊಟ್ಟಿನ ಜೊತೆ ಚೀಲದಲ್ಲಿ ಕಟ್ಟಿ, ಬಾಣಂತನ ಮುಗಿಸಿಕೊಂಡು ಮಗಳು ಹೋದಮೇಲೂ ಬಿಚ್ಚದೆ ಬಿಟ್ಟಿದ್ದ ತೊಟ್ಟಿಲಲ್ಲಿ ಹಾಕಿ ಜೋರಾಗಿ ತೂಗತೊಡಗಿದಳು.

ಸದ್ದು ಕೇಳಿ ಪಕ್ಕದ ಮನೆಯ ಸುಂಕಲಮ್ಮ ಬಂದಳು. "ಬರೀ ತೊಟ್ಟಿಲು ತೂಗಬಾರದು ಕಣೇ."

"ಬರೀ ಎಲ್ಲಿದೆ ಅಕ್ಕ? ಎಂಟು ಮಕ್ಕಳಿದಾವೆ."

ಸುಂಕಲಮ್ಮ ಬಗ್ಗಿ ನೋಡಿ, ಚೀಲ ಮುಟ್ಟಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ತಾನೇ ಹಗ್ಗ ಹಿಡಿದಳು. ಮಧ್ಯಾಹ್ನವೆಲ್ಲ ಇಬ್ಬರೂ ಸರದಿಯ ಮೇಲೆ ತೂಗಿದರು.

ಸಂಜೆ ಬಸ್ಸಿನ ಹಾರನ್ ಕೇಳಿದೊಡನೆ ಲೋಕಮ್ಮ ಎಂಟನ್ನೂ ಮಜ್ಜಿಗೆಗೆ ವಾಪಸು ಹಾಕಿದಳು. ಮಾಸ್ತಪ್ಪ ಬಂದವನೇ ಮಡಕೆಗೆ ಕೈ ಹಾಕಿ ಒಂದನ್ನೆತ್ತಿ ಒರೆಸಿದ. ಅದು ಚಿನ್ನದ ಹಾಗೆ ಥಳಥಳ ಅಂದಿತು.

"ನೋಡಿದ್ಯೇನೇ? ಬರೀ ಮಜ್ಜಿಗೆ! ತಲೆ ಬೇಕು ತಲೆ."

"ಹೌದೌದು" ಎಂದಳು ಲೋಕಮ್ಮ. ನಗು ಬಂದರೂ ನುಂಗಿಕೊಂಡಳು, ಸಿಟ್ಟನ್ನೂ ನುಂಗಿಕೊಂಡಳು.

ಮಾಸ್ತಪ್ಪ ಎಂಟಕ್ಕೂ ಮದ್ದು ತುಂಬಿದ. ಮೂರನೆಯ ದಿನ ಹಗಲಲ್ಲೇ ಊರ ಗಂಡಸರು ನಾಯಿ ಕಟ್ಟಿಕೊಂಡು ಹಂದಿ ಎಬ್ಬಿಸಲು ಹೊರಟರು. ಲೋಕಮ್ಮ ಹಿತ್ತಲಲ್ಲಿ ನಿಂತು ಕಿವಿಗೊಟ್ಟಳು. ಢಂ! ಇನ್ನು ಸಲಾಕೆಯ ಸದ್ದು, ಬೈಗುಳ ಕೇಳಬೇಕು ಅಂದುಕೊಂಡಳು. ಅಷ್ಟರಲ್ಲಿ ಮತ್ತೆ ಢಂ! ಇನ್ನೊಂದು ಢಂ! ಆಮೇಲೆ ಕೇಕೆ. ಅವಳಿಗೆ ಕಣ್ಣು ತುಂಬಿ ಬಂತು.

ಮೊದಲೆರಡು ಈಡು ತಪ್ಪಿದ್ದವಂತೆ. ಆದರೆ ಖಾಲಿ ತೋಟಾ ಬೆರಳು ತಾಗಿಸಿದರೆ ಸಾಕು ಹೊರಗೆ ಜಾರುತ್ತಿತ್ತಂತೆ, ಮೂರನೆಯದಕ್ಕೆ ಒಂಟಿಯಾಗಿ ತಿರುಗುವ ಗಂಡುಹಂದಿ ಮಗುಚಿಬಿತ್ತಂತೆ. ಅಂಗಳದಲ್ಲಿ ಮುತ್ತುಗದ ಎಲೆ ಹಾಸಿ ಪಾಲು ಹಾಕುವಾಗ ಮಾಸ್ತಪ್ಪ ಮಜ್ಜಿಗೆಯ ಮಹಿಮೆಯನ್ನು ನಾಲ್ಕನೇ ಸಲ ಹೇಳುತ್ತಿದ್ದ. ಉಚ್ಚಂಗಪ್ಪಜ್ಜ ವಾಡಿಕೆಯಂತೆ ಕೂಗಿ ಕೂಗಿ ಎಲೆ ತುಂಬಿಸಿದ: ಊರದೇವರ ಪಾಲು, ಕೋವಿಯ ಪಾಲು, ಎಬ್ಬಿಸಿದವರ ಪಾಲು, ನಾಯಿಗಳ ಪಾಲು.

"ಅಜ್ಜ, ತೋಟಾ ತಿಕ್ಕಿದವರ ಪಾಲು?" ಬಾಗಿಲಲ್ಲಿ ನಿಂತು ಲೋಕಮ್ಮ ಕೇಳಿದಳು.

"ಅದನ್ನ ಮಜ್ಜಿಗೆಗೆ ಹಾಕ್ಬೇಕು!" ಎಂದು ಯಾರೋ ನಕ್ಕರು.

"ಮಜ್ಜಿಗೆಯಲ್ಲ, ನಾನು. ಹುಣಸೆಹಣ್ಣು ಹಾಕಿ ಎಂಟನ್ನೂ ತಿಕ್ಕಿದ್ದು ನಾನು. ತೂಗಿದ್ದು ನಾನೂ ಸುಂಕಲಮ್ಮನೂ."

ಅಜ್ಜ ಕತ್ತಿ ಕೆಳಗಿಟ್ಟ. "ಹೆಂಗಸು ಮುಟ್ಟಿದ ತೋಟಾ ಹಾರೋದಿಲ್ಲ ತಂಗಿ."

"ಹಾರದೇ ಇದ್ರೆ ಈ ಹಂದಿ ಎಂತರಿಂದ ಸತ್ತಿತು ಅಜ್ಜ? ನಿಮ್ಮ ಶಾಸ್ತ್ರ ಕೇಳಿ ಸತ್ತಿತಾ?"

ಎಲ್ಲರೂ ಮಾಸ್ತಪ್ಪನ ಕಡೆ ನೋಡಿದರು. ಅವನ ಮುಖ ಕೆಂಪಾಗಿತ್ತು. ಸೊಂಟದ ಚೀಲದಿಂದ ಒಂದು ತೋಟಾ ತೆಗೆದು ತಿರುಗಿಸಿ ನೋಡಿದ, ಹೆಂಡತಿಯ ಕೈಯನ್ನೂ ನೋಡಿದ. ಅಂಥ ಹೊಳಪನ್ನು ಮೂವತ್ತು ವರ್ಷದಿಂದ ದೇವರ ಗೂಡಿನಲ್ಲಿ ನೋಡುತ್ತ ಬಂದವನು ಅವನು. ನಾಚಿಕೆಯಾಯಿತು.

"ಹಾಕಿ ಅಜ್ಜ. ಕೋವಿ ಪಾಲಿಗಿಂತ ಮುಂಚೆ ಹಾಕಿ" ಎಂದ.

ಅಜ್ಜ ಗೊಣಗುತ್ತ ಒಂದು ಹೊಸ ಎಲೆ ಹಾಸಿ ಪಾಲು ಹಾಕಿದ. ಅದನ್ನು ತಾನೇ ಎತ್ತಿ ತಂದು ಲೋಕಮ್ಮನ ಕೈಗಿಡುವಾಗ ದನಿ ತಗ್ಗಿಸಿ, "ನಂದೂ ಹನ್ನೆರಡು ಇದಾವೆ ತಂಗಿ. ಕಿಲುಬು ಹಿಡಿದು ಕೂತಾವೆ" ಎಂದ.

"ನಿಮ್ಮನೆ ಗುಡ್ಡಮ್ಮಜ್ಜಿನ ಕಳಿಸಿ. ಕಲಿಸಿಕೊಡ್ತೀನಿ."

ಇಷ್ಟು ವರ್ಷ ಆ ಶಾಸ್ತ್ರ ಹೇಳಿಕೊಂಡು ಬಂದವನು ಈಗ ಹೆಂಡತಿಗೆ ತೋಟಾ ತಿಕ್ಕು ಎಂದು ಹೇಗೆ ಹೇಳಲಿ ಎಂದು ಅಜ್ಜ ತಲೆ ಕೆರೆದುಕೊಂಡ. ಆಮೇಲೆ ವಾಪಸು ಹೋಗಿ, ನೀನೇ ತಿಕ್ಕಿಕೊಡು ಎಂಬಂತೆ ತನ್ನ ಎಲೆಯಿಂದ ಒಂದು ತುಂಡು ತಂದು ಲೋಕಮ್ಮನ ಎಲೆಗೆ ಹಾಕಿದ.