ಕೈಯಲ್ಲಿ ಎರಡು ಸುತ್ತು

ಬೇರೆಯವರ ಕಾರಿನೊಳಗೆ ಕದ್ದು ಕೂತು ಬ್ರೇಕು ತುಳಿದು ಬರುವುದು ಕಳ್ಳತನವೇ? ಹೀಗೊಂದು ಸಾಲನ್ನು ದಿನಚರಿಯಲ್ಲಿ ಬರೆದು, ಅಪ್ಪ ಓದಿಬಿಟ್ಟರೆ ಎಂದು ಹೆದರಿ, ಅವಳೇ ಅದನ್ನು ಗೀಚಿ ಹಾಕಿದ್ದಳು. ಅಪ್ಪ ಅವಳ ಪುಸ್ತಕವನ್ನು ಒಮ್ಮೆಯೂ ಮುಟ್ಟಿದವನಲ್ಲ. ಆದರೂ ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಶುರುವಾಗಿದ್ದು ಮೂರು ತಿಂಗಳ ಹಿಂದೆ. ಡಿಗ್ರಿ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿದ್ದವಳು ಅಪ್ಪನ ಗ್ಯಾರೇಜಿನಲ್ಲಿ ಕಾರುಗಳ ಒಳಗನ್ನು ಒರೆಸಿಕೊಡುತ್ತಿದ್ದಳು. ಅಂದು ಅಪ್ಪ ಹೊಸ ಬ್ರೇಕ್ ಪ್ಯಾಡ್ ಹಾಕಿದ್ದ ಕಾರೊಂದರಲ್ಲಿ ಕೂತು ಸ್ಟೀರಿಂಗ್ ಒರೆಸುವಾಗ ಕಾಲು ಪೆಡಲಿಗೆ ತಾಗಿತು. ಪೆಡಲು ಬೆಣ್ಣೆಯ ಹಾಗೆ ನೆಲದವರೆಗೂ ಇಳಿದುಹೋಯಿತು. ಪ್ಯಾಡ್ ಬದಲಿಸಿದ ಮೇಲೆ ನಾಲ್ಕೈದು ಸಲ ಪೆಡಲು ತುಳಿದು ಗಟ್ಟಿ ಮಾಡಿಕೊಳ್ಳದೆ ಕಾರು ಕದಲಿಸಿದರೆ, ಮೊದಲ ತುಳಿತಕ್ಕೆ ಬ್ರೇಕು ಹಿಡಿಯುವುದಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಅಪ್ಪ ಅದನ್ನು ಮರೆತಿದ್ದ. ಅವಳು ಸದ್ದಿಲ್ಲದೆ ತುಳಿದು ಗಟ್ಟಿ ಮಾಡಿ, ಬಟ್ಟೆ ಕೊಡವಿಕೊಂಡು ಕೆಳಗಿಳಿದಳು. ಆಮೇಲೆ ಬ್ರೇಕಿನ ಕೆಲಸಕ್ಕೆ ಹನ್ನೊಂದು ಕಾರು ಬಂದವು. ಒರೆಸುವ ನೆಪದಲ್ಲಿ ಎಲ್ಲವನ್ನೂ ಕದ್ದು ತುಳಿದು ನೋಡಿದಳು; ನಾಲ್ಕರಲ್ಲಿ ಪೆಡಲು ನೆಲ ಮುಟ್ಟಿತು.

ಹೇಳುವುದು ಹೇಗೆ? ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ ಉಂಡು ಮಲಗುವ ಜೀವವಷ್ಟೇ. ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದುದು ಗ್ಯಾರೇಜಿನಲ್ಲಿ. ಬೀದಿಗೆಲ್ಲ ಅವನು ಬೆಲ್ಟಣ್ಣ. ಇಂಜಿನ್ನಿನ ಚಕ್ರಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಟೈಮಿಂಗ್ ಬೆಲ್ಟು, ಅವನು ಹಾಕಿದ್ದು, ದಾರಿಯಲ್ಲಿ ಕೈಕೊಟ್ಟ ಉದಾಹರಣೆಯೇ ಇರಲಿಲ್ಲ. ಆ ಹೆಸರನ್ನೂ ಕಿತ್ತುಕೊಂಡರೆ ಅವನ ಬಳಿ ಉಳಿಯುವುದೇನು?

ಇವತ್ತು ಬೆಳಿಗ್ಗೆ ಆಸ್ಪತ್ರೆಯ ನರ್ಸು ತನ್ನ ಹಳೆಯ ಕಾರಿನ ಬೆಲ್ಟು ಬದಲಿಸಲು ಬಂದು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದಳು.

"ಏನ್ ಬೆಲ್ಟಣ್ಣಾ, ನಿಮ್ಮ ಮಗಳು ಮಾತಾಡ್ತಾಳೋ, ಇಲ್ಲ ಸೈಲೆನ್ಸರ್ ಹಾಕಿಸಿದ್ದೀರೋ?"

"ಅಯ್ಯೋ ಸಿಸ್ಟರಮ್ಮಾ, ತುಕ್ಕು ಹಿಡಿದ ಬೋಲ್ಟ್ ಆದ್ರೂ ಬಿಚ್ಚಬಹುದು, ಇವಳ ಬಾಯಿ ಬಿಚ್ಚಿಸಕ್ಕಾಗಲ್ಲ!" ಅಪ್ಪ ನಕ್ಕ. ನಗು ಹಳೆಯದೇ ಆಗಿತ್ತು. ಅವಳೂ ತುಟಿಯಂಚಿನಲ್ಲಿ ನಕ್ಕಳು.

ಹಳೆಯ ಬೆಲ್ಟು ಕಳಚಿ ನೆಲಕ್ಕೆ ಬಿತ್ತು, ಅಂಚೆಲ್ಲ ನಾರು ನಾರು. ಅಪ್ಪ ಕೆಲಸವನ್ನು ಮಗ್ಗಿಯ ಹಾಗೆ ಬಾಯಲ್ಲಿ ಹೇಳಿಕೊಂಡೇ ಮಾಡುವವನು. ಅವಳು ಒಂದನೇ ಕ್ಲಾಸಿನಲ್ಲೇ ಅದನ್ನು ಕೇಳಿ ಬಾಯಿಪಾಠ ಮಾಡಿದ್ದಳು: ಗುರುತು ಕೂಡಿಸು, ಬೆಲ್ಟು ಹಾಕು, ಬಿಗಿ ನೋಡು, ಕೈಯಲ್ಲಿ ಎರಡು ಸುತ್ತು, ಆಮೇಲೆ ಕೀಲಿ. ಸ್ಪ್ಯಾನರ್ ಹಿಡಿದು ಇಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಚಕ್ರಗಳ ಮೇಲಿನ ಗುರುತುಗಳು ಮತ್ತೆ ಎದುರುಬದುರಾದರೆ ಮಾತ್ರ ಕೀಲಿ. ತಪ್ಪಿದ್ದರೆ ಆ ನಿಧಾನದಲ್ಲೇ ಗೊತ್ತಾಗುತ್ತದೆ. ನೇರ ಕೀಲಿ ತಿರುಗಿಸಿದರೆ ವಾಲ್ವಿಗೆ ಪಿಸ್ಟನ್ ಬಡಿದು ಇಂಜಿನ್ನೇ ಹಾಳು.

"ಬೆಲ್ಟು ಹಾಕು," ಎಂದ ಅಪ್ಪ. "ಬಿಗಿ ನೋಡು." ಬೆರಳಿನಿಂದ ಬೆಲ್ಟು ತಿರುಚಿ ನೋಡಿದ. "ಆಮೇಲೆ ಕೀಲಿ."

ಅವಳ ಕೈಯ ಬಟ್ಟೆ ನಿಂತಿತು. ಬಗ್ಗಿ ನೋಡಿದಳು. ಮೇಲಿನ ಚಕ್ರದ ಗುರುತಿನ ಬಿಳಿ ಚುಕ್ಕೆ ಇರಬೇಕಾದ ಕಡೆ ಇರಲಿಲ್ಲ. ಮೂರು ಹಲ್ಲು ಆಚೆಗಿತ್ತು.

ಪೆಡಲಾದರೆ ಕದ್ದು ತುಳಿಯಬಹುದಿತ್ತು. ಇದನ್ನು ಕದ್ದು ಸರಿಮಾಡುವ ದಾರಿ ಅವಳಿಗೆ ಗೊತ್ತಿರಲಿಲ್ಲ.

"ಅಪ್ಪಾ, ಟೀ ತರ್ಲಾ? ಮೊದ್ಲು ಟೀ ಕುಡಿ."

"ಸ್ಟಾರ್ಟ್ ಮಾಡಿ ಕುಡಿಯೋಣ ಮಗಳೇ. ಸಿಸ್ಟರಮ್ಮಂಗೆ ಡ್ಯೂಟಿಗೆ ಹೊತ್ತಾಗುತ್ತೆ." ಅಪ್ಪ ಕೈ ಒರೆಸಿಕೊಂಡು ಒಳಗೆ ಕೂತ.

ಅವಳು ಕಾರಿನ ಬಾಗಿಲ ಹತ್ತಿರ ಬಂದಳು. "ಎರಡು ಸುತ್ತು... ತಿರುಗಿಸಿ ನೋಡಿದ್ಯಾ?"

"ಆಗ್ಲೇ ಆಯ್ತಲ್ಲೇ. ನೀನೇ ಇಲ್ಲಿ ನಿಂತು ನೋಡ್ತಿದ್ದೆ!"

ಅಪ್ಪ ಸುಳ್ಳು ಹೇಳುತ್ತಿರಲಿಲ್ಲ. ಅವನ ಕಣ್ಣಿನಲ್ಲಿ ಆ ಎರಡು ಸುತ್ತು ನಿಜವಾಗಿ ತಿರುಗಿತ್ತು. ಅವನ ನೆನಪಿನಲ್ಲಿ ಅವಳು ಅಲ್ಲಿ ನಿಂತು ನೋಡಿದ್ದಳು ಕೂಡ. ಹೌದು ಎಂದುಬಿಟ್ಟರೆ ಒಂದು ಇಂಜಿನ್ ಹೋಗುತ್ತದೆ, ಅಷ್ಟೇ. ಆದರೆ ನಾಳೆ ಅವಳು ಜ್ವರ ಬಂದು ಮಲಗಿದ ದಿನ, ಪೆಡಲು ತುಳಿದು ಗಟ್ಟಿ ಮಾಡುವವರಿಲ್ಲದ ಕಾರೊಂದು ಇಳಿಜಾರಿಗೆ ಇಳಿಯುತ್ತದೆ. ಅದರ ಹಿಂದಿನ ಸೀಟಿನಲ್ಲಿ ಯಾರ ಮಕ್ಕಳಿರುತ್ತಾರೋ.

ಅಪ್ಪ ಕೀಲಿ ತೂರಿಸಿದ. ಅವಳು ಕಿಟಕಿಯೊಳಗೆ ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು. ಗ್ರೀಸಿನ ಕೈ, ಬೆಚ್ಚಗಿತ್ತು.

"ಏನೇ ಇದು, ಬಿಡು," ಎಂದ ಅಪ್ಪ, ಇನ್ನೂ ನಗುತ್ತ.

ಸ್ಟೂಲಿನ ಮೇಲಿದ್ದ ನರ್ಸು ಎದ್ದು ನಿಂತಳು. ಆದರೆ ಹತ್ತಿರ ಬರಲಿಲ್ಲ.

ಅಪ್ಪ ಮಗಳ ಮುಖ ನೋಡಿದ. ನಗು ಮೆಲ್ಲಗೆ ಇಳಿಯಿತು. "ಏನಾಯ್ತು ಮಗಳೇ?"

"ಆಗಿಲ್ಲಪ್ಪಾ," ಎಂದಳು ಅವಳು. ಮಾತು ಗ್ಯಾರೇಜಿಗೆಲ್ಲ ಕೇಳಿಸಿತು. "ನೀನು ತಿರುಗಿಸ್ಲಿಲ್ಲ. ನಿಂಗೆ ಮರೆತುಹೋಗ್ತಿದೆ."